ಇಂಜಿನ್ನಿನ ಕೆಳಗಿನ ನಾಲ್ಕು ರಬ್ಬರು

ಅಣ್ಣನ ಕೈ ನಡುಗುತ್ತಿದೆ ಎಂದು ನನಗೆ ಮೊದಲು ಹೇಳಿದವರು ಅತ್ತಿಗೆ. ಸಂಜೆ ತೋಟದಿಂದ ಬಂದು ಕೂತರೆ ಚಹಾದ ಲೋಟ ಬಾಯಿಗೆ ಮುಟ್ಟುವಷ್ಟರಲ್ಲಿ ಅರ್ಧ ಅಂಗಿಯ ಮೇಲೆ ಚೆಲ್ಲುತ್ತದೆ, ರೊಟ್ಟಿ ಮುರಿಯಲು ಬೆರಳು ಬಗ್ಗುವುದಿಲ್ಲ ಎಂದು ಅವರು ಅಂದಾಗ ನನಗೆ ಸಂಕಟಕ್ಕಿಂತ ಹುಮ್ಮಸ್ಸೇ ಹೆಚ್ಚಾಯಿತು. ಆಗ ನಾನು ಬಳ್ಳಾರಿಯ ಒಂದು ಲಾರಿ ಷೆಡ್ಡಿನಲ್ಲಿ ಮೆಕ್ಯಾನಿಕ್. ಇಪ್ಪತ್ತೈದು ದಾಟಿತ್ತು. ಎಂಥ ಇಂಜಿನ್ನಾದರೂ ನನ್ನ ಮಾತು ಕೇಳುತ್ತದೆ ಎಂಬ ಸೊಕ್ಕು ತಲೆಗೇರಿದ್ದ ಕಾಲ.

ಅಣ್ಣ ಕುರುಗೋಡಿನ ಹತ್ತಿರ ಒಬ್ಬ ಸಾಹುಕಾರರ ಹಣ್ಣಿನ ತೋಟದಲ್ಲಿ ಟ್ರಾಕ್ಟರ್ ಓಡಿಸುತ್ತಿದ್ದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬಳ್ಳಾರಿಯ ಮಿಲಿಟರಿ ದಂಡಿನ ಹರಾಜಿನಲ್ಲಿ ಸಾಹುಕಾರರು ಹಿಡಿದು ತಂದಿದ್ದ ಹಳೆಯ ಗಾಡಿ ಅದು. ಅಂಜೂರ, ದಾಳಿಂಬೆ ಸಾಲುಗಳ ನಡುವೆ ತೂರುವಷ್ಟು ಪುಟ್ಟದು. ಅದಕ್ಕೂ ಮೊದಲು ಹತ್ತು ಹನ್ನೆರಡು ವರ್ಷ ಅಣ್ಣ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಇಂಜಿನ್ ಕೋಣೆಯಲ್ಲಿ ದುಡಿದಿದ್ದ. ಆ ಕೋಣೆ ಅವನ ಕಿವಿ ತಿಂದುಹಾಕಿತ್ತು. ಪೂರಾ ಕಿವುಡು. ಇದು ಅತ್ತಿಗೆಗೆ ಮತ್ತು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಕೆಲಸ ಹೋಗುತ್ತಿತ್ತು. ಎದುರಿನವರ ತುಟಿ ನೋಡಿ ಮಾತು ತಿಳಿಯುತ್ತಿದ್ದ. ಸಾಹುಕಾರರು ಮಾತಿನ ನಡುವೆ ತೆಲುಗಿಗೆ ಹೊರಳಿದಾಗ ಮಾತ್ರ ದಿಕ್ಕು ತಪ್ಪಿ ಸುಮ್ಮನೆ ತಲೆಯಾಡಿಸುತ್ತಿದ್ದ. ತೋಟದವರೆಲ್ಲ ಅವನನ್ನು ಬಹಳ ಗಂಭೀರ ಮನುಷ್ಯ ಅಂದುಕೊಂಡಿದ್ದರು. ಚಿಕ್ಕಂದಿನಲ್ಲಿ ಅವನ ಬಾಯಿ ಮುಚ್ಚಿಸಲು ನಮ್ಮವ್ವ ಪಡುತ್ತಿದ್ದ ಪಾಡು ಅವರಿಗೇನು ಗೊತ್ತು.

ಒಂದು ಭಾನುವಾರ ಸವೆದ ಲಾರಿ ಟೈರಿನ ತುಂಡುಗಳನ್ನು ಚೀಲಕ್ಕೆ ತುರುಕಿಕೊಂಡು ಬಸ್ಸು ಹತ್ತಿದೆ. ಟ್ರಾಕ್ಟರ್ ನೋಡಿದ ಕೂಡಲೇ ಅಣ್ಣನ ಕೈ ನಡುಕದ ಮೂಲ ತಿಳಿಯಿತು. ಇಂಜಿನ್ನಿನ ನಡುಕ ಗಾಡಿಗೆಲ್ಲ ಇಳಿಯದಂತೆ ಅದರ ನಾಲ್ಕು ಕಾಲುಗಳ ಕೆಳಗೆ ದಪ್ಪ ರಬ್ಬರು ಇರಬೇಕು. ಇಲ್ಲಿ ಮೂರು ರಬ್ಬರುಗಳು ಒಣರೊಟ್ಟಿಯ ಹಾಗೆ ಬಿರಿದಿದ್ದವು. ನಾಲ್ಕನೆಯದು ಅರ್ಧಕ್ಕರ್ಧ ಉದುರಿಹೋಗಿ ಕಬ್ಬಿಣದ ಮೇಲೆ ಕಬ್ಬಿಣವೇ ಕೂತಿತ್ತು. ತುಕ್ಕು ಹಿಡಿದ ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಒಂದು ತಾಸು ಕಾದು ಬಿಚ್ಚಿದೆ. ಅಣ್ಣ ಹಾರೆಯಿಂದ ಮೀಟಿ ಇಂಜಿನ್ ಎತ್ತಿದ, ನಾನು ಅಡಿಗೆ ಬೇವಿನ ಕೊರಡು ಕೊಟ್ಟೆ. ಟೈರು ಕೊಯ್ದು, ಕಾದ ಸರಳಿನಿಂದ ತೂತು ಸುಟ್ಟೆ. ಸರಳು ಕಾಯಿಸುವ ಬೆಂಕಿ ಮಂಕಾದಾಗ ಹಳೆಯ ರಬ್ಬರುಗಳನ್ನೇ ಅದಕ್ಕೆ ಎಸೆದೆ. ಕರ್ರಗೆ ಹೊಗೆ ಕಾರುತ್ತ ಚೆನ್ನಾಗಿ ಉರಿದವು.

ಹೊಸ ರಬ್ಬರು ಕೂರಿಸಿ, ಹ್ಯಾಂಡಲ್ ತಿರುವಿ, ಸೀಟಿನ ಮೇಲೆ ಅಂಗೈ ಇಟ್ಟು ನೋಡಿದೆ. ಇಂಜಿನ್ ಓಡುತ್ತಿದೆಯೋ ಇಲ್ಲವೋ ಅನ್ನುವಷ್ಟು ನಡುಕ ಅಡಗಿತ್ತು. ಹತ್ತಿ ಕೂಡು ಎಂದು ಅಣ್ಣನಿಗೆ ಸನ್ನೆ ಮಾಡಿದೆ. ಅವನು ಕೂತು, ಕಾಲ ಕೆಳಗಿನ ತಗಡಿನ ಮೇಲೆ ಪಾದ ಒತ್ತಿದ, ತೆಗೆದ, ಮತ್ತೆ ಒತ್ತಿದ. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಇನ್ನೊಮ್ಮೆ ಒತ್ತಿದ. ಹೊಗೆ ಕೊಳವೆಯತ್ತ ತಿರುಗಿ ನೋಡಿದ. ಆಮೇಲೆ ನನ್ನನ್ನು ನೋಡಿ ನಕ್ಕು, ಚಲೋ ಆತು ಬಿಡು ಅಂದ. ಬಳ್ಳಾರಿ ಮುಟ್ಟುವ ತನಕ ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಇಪ್ಪತ್ತು ದಿನ ಕಳೆದಿರಬೇಕು. ತೋಟದ ಪಕ್ಕದೂರು ಬಾದನಹಟ್ಟಿಯಿಂದ ಪೇಟೆಗೆ ಬಂದವರೊಬ್ಬರು ಷೆಡ್ಡಿಗೆ ಸುದ್ದಿ ಮುಟ್ಟಿಸಿದರು. ಇಂಜಿನ್ನಿನ ತಳದ ಬೋಲ್ಟು ಸಡಿಲಾಗಿ ಎಣ್ಣೆಯೆಲ್ಲ ಸೋರಿಹೋಗಿತ್ತಂತೆ. ಇಂಜಿನ್ ಒಳಗೊಳಗೇ ಬಡಿದುಕೊಳ್ಳುವುದು ದೂರದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರಿಗೂ ಕೇಳಿ ಅವರು ಕೂಗಿದರಂತೆ. ಸಾಹುಕಾರರು ಕೂಗುತ್ತ ಬೆನ್ನ ಹಿಂದೆಯೇ ಓಡಿದರಂತೆ. ಅಣ್ಣ ಹಿಂದಿರುಗಿ ನೋಡಲಿಲ್ಲ. ಇಂಜಿನ್ ಕಚ್ಚಿಕೊಂಡು ನಿಲ್ಲುವವರೆಗೂ ಸಾಲು ಹೊಡೆಯುತ್ತಲೇ ಇದ್ದ. ಅಲ್ಲಿಗೆ ಗುಟ್ಟು ರಟ್ಟಾಯಿತು. ಸಾಹುಕಾರರು ಬಯ್ಯಲಿಲ್ಲವಂತೆ. ಹೆಣ್ಣುಮಕ್ಕಳು ಓಡಾಡುವ ಜಾಗದಲ್ಲಿ ಕೂಗಿದ್ದು ಕೇಳದವನ ಕೈಗೆ ಗಾಡಿ ಕೊಡಲಾರೆ ಎಂದಷ್ಟೇ ಹೇಳಿ ಕೆಲಸದಿಂದ ಬಿಡಿಸಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಹಾಗಾಗಿ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಸಮಾಧಾನವೂ ನನಗೆ ಸಿಗಲಿಲ್ಲ.

ಆದರೆ ಒಂದು ಬಗೆಹರಿಯಲಿಲ್ಲ. ಇಷ್ಟು ವರ್ಷ ಕಿವಿ ಇಲ್ಲದೆಯೇ ಆ ಇಂಜಿನ್ನನ್ನು ಕೂಸಿನ ಹಾಗೆ ನೋಡಿಕೊಂಡವನಿಗೆ ಅವತ್ತೇ ಏಕೆ ತಿಳಿಯದೆ ಹೋಯಿತು? ಅಣ್ಣನ ಮನೆಗೆ ಹೋದಾಗ ಅತ್ತಿಗೆ ಒಲೆಯ ಮುಂದೆ ಕೂತಿದ್ದರು. ನನ್ನ ಕಡೆ ನೋಡದೆಯೇ ಅಂದರು: "ನೀವು ರಿಪೇರಿ ಮಾಡಿ ಹೋದ ಮರುದಿನ ನಾ ಬುತ್ತಿ ಒಯ್ದಾಗ ನಿಮ್ಮಣ್ಣಾರು ಬೂದಿ ಕೆದರಕೋಂತ ಕುಂತಿದ್ರು. ಹಳೇ ರಬ್ಬರ್ ಒಂದರ ಉಳದೈತೇನು ನೋಡಾಕತ್ತೀನಿ ಅಂದ್ರು."

ಅಂಗಳದಲ್ಲಿ ಕೂತಿದ್ದ ಅಣ್ಣನ ಎದುರು, ನನ್ನ ತುಟಿ ಅವನಿಗೆ ಕಾಣುವಂತೆ ಕುಕ್ಕರಿಸಿ, ಹಳೆಯ ರಬ್ಬರು ಏಕೆ ಹುಡುಕಿದೆ ಎಂದು ಕೇಳಿದೆ.

"ಕಿವಿ ಹೋದ ಮ್ಯಾಲೆ ಇಂಜಿನ್ನು ನನಗ ಕಾಲಾಗ ಕೇಳತಿತ್ತು," ಅಂದ ಅಣ್ಣ. "ಎಣ್ಣಿ ಕಡಿಮಿ ಆದ್ರ ಒಂದು ನಮೂನಿ ನಡಗತಿತ್ತು, ನೀರು ಕಡಿಮಿ ಆದ್ರ ಒಂದು ನಮೂನಿ. ನೀ ರಬ್ಬರ್ ಹಾಕಿದ ಮ್ಯಾಲೆ ಏನೂ ತಿಳೀವಲ್ದಾತು."

"ಅವತ್ತ ಯಾಕ ಹೇಳಲಿಲ್ಲಣ್ಣ?"

"ಇಡೀ ದಿನ ಮಣ್ಣಾಗ ಮಲಗಿ ಮಾಡಿದ್ದಿ. ಮುಗಿಸಿ ಎದ್ದಾಗ ನಿನ್ನ ಮಕಾ ನೋಡಿದೆ. ಹೆಂಗ ಹೇಳ್ಲಿ?"

ಒಂದು ಮಾತು ಅವನನ್ನು ಕೇಳಿದ್ದರೆ ಸಾಕಿತ್ತು. ಕಿವುಡನಿಗೆ ಏನು ಕೇಳುವುದು ಎಂದು ನಾನು ಕೇಳಿರಲಿಲ್ಲ, ಇಂಜಿನ್ನನ್ನಷ್ಟೇ ನೋಡಿದ್ದೆ. ಅಣ್ಣ ಮುಂದೆ ಇನ್ನೂ ಬಹಳ ವರ್ಷ ಬದುಕಿದ, ಆದರೆ ಯಾವ ಇಂಜಿನ್ನನ್ನೂ ಮುಟ್ಟಲಿಲ್ಲ.

ಅವತ್ತು ಅತ್ತಿಗೆ ಚಹಾ ತಂದಿಟ್ಟರು. ಅಣ್ಣ ತುಂಬಿದ ಲೋಟ ಎತ್ತಿಕೊಂಡ. ಕೈ ಒಂದಿಷ್ಟೂ ನಡುಗಲಿಲ್ಲ. ನಾನು ಅದನ್ನೇ ನೋಡುತ್ತಿರುವುದು ಅವನಿಗೆ ತಿಳಿಯಿತೇನೋ, ನನಗೆ ಕಾಣುವಂತೆ ನಿಧಾನವಾಗಿ, ಒಂದು ಹನಿಯೂ ಚೆಲ್ಲದೆ ಕುಡಿದು ಲೋಟ ಕೆಳಗಿಟ್ಟ.