ಗುರುವಾರ ಹೇಳದೆ ಉಳಿದದ್ದು

ಹಿರಿಯ ಡಾಕ್ಟರು ಆಸ್ಪತ್ರೆ ಬಿಡುವ ಮೊದಲಿನ ಕೊನೆಯ ಗುರುವಾರ ಎಲ್ಲ ಗುರುವಾರಗಳಂತೆಯೇ ಇತ್ತು. ಹುಬ್ಬಳ್ಳಿಯಲ್ಲಿ ಉಣಕಲ್ಲಿನ ಕಡೆಗಿದ್ದ ಆ ಆಸ್ಪತ್ರೆಯಲ್ಲಿ ನಾನು ನರ್ಸ್. ವಾರಕ್ಕೊಮ್ಮೆ ಚಹಾದ ಹೊತ್ತಿಗೆ ಎಲ್ಲರೂ ಕೂಡಬೇಕು, ಆ ವಾರ ತಾವು ಮಾಡಿದ ಒಂದು ತಪ್ಪು ಹೇಳಬೇಕು. ಅದು ಅವರು ಹಾಕಿದ ಪದ್ಧತಿ. ಮೊದಲು ಅವರದೇ ತಪ್ಪು.

"ಒಬ್ಬ ಅಜ್ಜಗ ಎಡಗಾಲ ಬ್ಯಾನಿ. ನಾ ಬಲಗಾಲ ಹಿಚುಕಿ ಹಿಚುಕಿ ನೋಡೇನಿ" ಎಂದರು.

"ಅಜ್ಜ ಏನಂದಾನ್ರಿ ಸಾಹೇಬ್ರ?" ಎಂದಳು ಆಯಾ.

"'ಆ ಕಾಲ ಛಲೋ ಐತಿ, ಅದನ್ನೂ ಕೆಡಸಬ್ಯಾಡ್ರಿ' ಅಂದಾ."

ನಕ್ಕೆವು. ಯಾರು ಏನು ಹೇಳಿದರೂ ಬೈಯುತ್ತಿರಲಿಲ್ಲ. ಆದರೆ ಆ ತಪ್ಪು ಮತ್ತೆ ಆಗದಂತೆ ಮರುದಿನ ಯಾವುದೋ ಬಾಟಲಿ ಕಪಾಟಿನ ಬೇರೆ ಸಾಲಿಗೆ ಹೋಗಿರುತ್ತಿತ್ತು.

ಅವರ ಜಾಗಕ್ಕೆ ಬಂದ ಹೊಸ ಮುಖ್ಯಸ್ಥರಿಗೂ ಆಸ್ಪತ್ರೆ ಸುಧಾರಿಸುವ ಆಸೆಯಿತ್ತು. ಗುರುವಾರದ ಚಹಾ ನಿಲ್ಲಿಸಲಿಲ್ಲ. ಸಲೈನ್ ತಡವಾಗಿ ಹಚ್ಚಿದೆ ಎಂದು ಹೇಳಿದ ಒಬ್ಬಳ ಹೆಸರು ಬರೆದುಕೊಂಡರು. ಆ ತಿಂಗಳೇ ಅವಳನ್ನು ಕೆಲಸದಿಂದ ತೆಗೆದರು. "ಪ್ರತಿ ತಿಂಗಳ ತಪ್ಪು ಕಡಿಮಿ ಆಗಬೇಕ್ರಿ" ಎಂದರು. ಕಡಿಮೆಯಾದವು. ನೆಲ ನೋಡುತ್ತ ಚಹಾ ಕುಡಿದು ಏಳುತ್ತಿದ್ದೆವು.

ಒಂದು ಬುಧವಾರ ಇಂಜೆಕ್ಷನ್ ಪುಡಿ ಕಲಸಲು ನೀರಿನ ಆಂಪೂಲ್ ಎಂದು ನಾನು ಎತ್ತಿಕೊಂಡದ್ದು ಪೊಟ್ಯಾಸಿಯಂ ಆಗಿತ್ತು. ಸಲೈನಿನಲ್ಲಿ ಬೆರೆಸಿ ನಿಧಾನವಾಗಿ ಕೊಡುವ ಔಷಧಿ. ನೇರ ನರಕ್ಕೆ ಹೋದರೆ ಎದೆ ನಿಲ್ಲುತ್ತದೆ. ಎರಡೂ ಒಂದೇ ಟ್ರೇಯಲ್ಲಿದ್ದವು, ನೋಡಲು ಒಂದೇ ತರ. ಒಡೆಯುವ ಮುಂಚೆ ಆ ಗಾಜಿನ ಸೀಸೆಯ ಮೇಲಿನ ಚೀಟಿ ಓದಿದೆ, ರೋಗಿ ಉಳಿದ. ಜೊತೆಯಲ್ಲಿದ್ದ ಕಿರಿಯ ನರ್ಸಿಗೆ ಆ ಚೀಟಿ ತೋರಿಸಿದೆ.

"ನಾಳೆ ಇದನ್ನ ಹೇಳಬೇಕವಾ" ಎಂದೆ.

"ಹುಚ್ಚರಂಗ ಮಾಡಬ್ಯಾಡಕ್ಕಾ. ಗಿರಣಿ ಮುಚ್ಚಿದ ಮ್ಯಾಲೆ ನಿನ್ನ ಗಂಡ ಕೆಲಸಿಲ್ಲದ ಮನ್ಯಾಗ ಕುಂತಾರ. ನೀನೂ ಹೋಗಿ ಕುಂದ್ರತೀ ಏನು?"

ಗುರುವಾರ ನಾನು ಚಹಾ ಕುಡಿದು ಎದ್ದೆ.

ಹದಿನೈದು ದಿನಕ್ಕೆ ನನ್ನ ಗಂಡನಿಗೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ನಮ್ಮದೇ ಆಸ್ಪತ್ರೆ ಎಂದು ಅಲ್ಲಿಯೇ ಸೇರಿಸಿದೆ. ಎರಡು ದಿನ ಇಂಜೆಕ್ಷನ್ ನಾನೇ ಕೊಟ್ಟೆ. ಬೇರೆಯವರಿಗೆ ಟ್ರೇ ಮುಟ್ಟಗೊಡಲಿಲ್ಲ. ಪ್ರತಿ ಚೀಟಿಯನ್ನೂ ಮೂರು ಸಲ ಓದುತ್ತಿದ್ದೆ.

"ಎಷ್ಟ ಸಲ ಓದ್ತಿ? ನಾ ಬರದ ಕಾಗದಾನೂ ಇಷ್ಟ ಓದಿಲ್ಲ ನೀ" ಎಂದು ಅವರು ಚೇಷ್ಟೆ ಮಾಡಿದರು.

ಮೂರನೆಯ ದಿನ ಬೆಳಿಗ್ಗೆ ನನ್ನನ್ನು ಆಪರೇಷನ್ ಥಿಯೇಟರಿಗೆ ಕರೆದರು. ಮರಳಿ ಬಂದಾಗ ಅವರ ಕಾಟಿನ ಸುತ್ತ ಪರದೆ ಎಳೆದಿದ್ದರು. ಅದೇ ಕಿರಿಯ ನರ್ಸ್ ಹೊರಗೆ ನಿಂತು ಅಳುತ್ತಿದ್ದಳು. "ಇಂಜೆಕ್ಷನ್ ಮಾಡಾಕತ್ತಿದ್ದೆ, ಎದಿ ನಿಂತಬಿಡ್ತಕ್ಕಾ."

"ಯಾವ ಆಂಪೂಲ್ ಒಡದಿ?" ಎಂದೆ.

ಟ್ರೇ ಆಗಲೇ ತೊಳೆದಾಗಿತ್ತು. ಮುಖ್ಯಸ್ಥರು ಬಂದು, "ಅವರ ಹಾರ್ಟು ಭಾಳ ವೀಕ್ ಇತ್ರಿ" ಎಂದರು. ನಾನು ಮತ್ತೆ ಕೇಳಲಿಲ್ಲ. ಕೇಳಿದರೆ ಅವಳು, ಆ ಟ್ರೇಯ ವಿಷಯ ನಿನಗೆ ಮೊದಲೇ ಗೊತ್ತಿತ್ತಲ್ಲ ಎಂದಾಳು ಎಂಬ ಅಂಜಿಕೆ.

ದಿನಕರ್ಮ ಮುಗಿಸಿ ಕೆಲಸಕ್ಕೆ ಹೋದ ವಾರವೂ ಗುರುವಾರ ಬಂತು. "ಯಾರರ ಏನರ ಹೇಳೋದೈತೇನ್ರಿ?" ಎಂದರು ಮುಖ್ಯಸ್ಥರು. ಕಿರಿಯ ನರ್ಸ್ ನನ್ನ ಕಡೆ ನೋಡಿದಳು.

"ಇಲ್ರಿ" ಎಂದೆ.

ನನ್ನ ಗಂಡನಿಗೆ ಅವತ್ತು ಹೋದದ್ದು ನೀರೋ ಪೊಟ್ಯಾಸಿಯಮ್ಮೋ, ನನಗೆ ಇವತ್ತಿಗೂ ಗೊತ್ತಿಲ್ಲ.