ಸೇವಂತಿಗೆ ಸಾಲಿನ ಮುಳ್ಳುಗಿಡ

ನಾನು ಚಿಕ್ಕವಳಿದ್ದಾಗ ನಮ್ಮ ಹಂಗಾರಕಟ್ಟೆಯ ಒಣಮೀನು ಗೋಣಿಯಲ್ಲೇ ಘಟ್ಟ ಹತ್ತುತ್ತಿತ್ತು. ಅಂಗಳದ ಚಾಪೆಯಲ್ಲಿ ಹರಡಿದ ಮೀನನ್ನು ಶಾಲೆಗೆ ಹೊರಡುವ ಮುಂಚೆ ಮಗುಚಿ ಹಾಕುವುದು ನನ್ನ ಕೆಲಸ. ಒಂದು ಬೆಳಿಗ್ಗೆ ಹಾಗೆ ಮಗುಚುತ್ತ ಕೂತಿದ್ದಾಗ ತಂಗಿ ಓಡಿ ಬಂದಳು.

"ಅಕ್ಕಾ, ಅಮ್ಮ ಕತ್ತಿ ಹಿಡ್ಕಂಡ್ ಹೊರ್ಟಿತ್ತ್. ನಿನ್ ಮುಳ್ಳ್ ಗಿಡದ ಕಥಿ ಇವತ್ತಿಗೆ ಮುಗೀತ್."

ಕೈಯಲ್ಲಿದ್ದ ಮೀನನ್ನು ಅಲ್ಲೇ ಬಿಟ್ಟು ಓಡಿದೆ.

ಆ ಗಿಡ ಬಂದದ್ದೂ ಮೀನಿನ ದೆಸೆಯಿಂದಲೇ. ಒಣಮೀನು ಕೊಳ್ಳಲು ಹುಬ್ಬಳ್ಳಿ ಕಡೆಯಿಂದ ಬರುವ ಲಾರಿಯವರು ತಮ್ಮೂರಿನ ಖಾಲಿ ಗೋಣಿಗಳನ್ನು ತರುತ್ತಿದ್ದರು. ಮಳೆಗಾಲ ಕಳೆದ ಮೇಲೆ ಬಂದ ಗೋಣಿಗಳನ್ನು ಕೊಡವಿದಾಗ ಹಾಲುಹಲ್ಲಿನಂತೆ ಬೆಳ್ಳಗೆ ಹೊಳೆಯುವ ಬೀಜಗಳು ಉದುರಿದ್ದವು. ಅವನ್ನು ಅಮ್ಮನ ಸೇವಂತಿಗೆ ಸಾಲಿನ ಅಂಚಿಗೆ ಊರಿದ್ದೆ. ಮೊದಲು ಎಲೆ ಬಸಳೆಯಷ್ಟೇ ಮೆತ್ತಗಿತ್ತು. ಗಿಡ ನನ್ನ ಸೊಂಟಕ್ಕೆ ಬರುವಷ್ಟರಲ್ಲಿ ಎಲೆಯಂಚಿಗೆಲ್ಲ ಸೂಜಿ. ನೀರು ಹಾಕಲು ಹೋದ ಅಮ್ಮನ ಸೀರೆ ಆ ದಿನ ಬೆಳಿಗ್ಗೆ ಅದಕ್ಕೆ ಸಿಕ್ಕಿಕೊಂಡು ಹರಿದಿತ್ತು.

"ಮನಿ ಎದ್ರಿಗೆ ಮುಳ್ಳ್ ಇದ್ರೆ ಮನಿಯಂಗೆ ಜಗಳ ಬತ್ತ್," ಓಡಿ ಬಂದು ಅಡ್ಡ ನಿಂತ ನನಗೆ ಅಮ್ಮ ಹೇಳಿದಳು.

"ಗಿಡ ಇಲ್ದೆ ಇಪ್ಪು ಹೊತ್ತಿಗೆ ನೀನ್ ಜಗಳ ಮಾಡ್ಲಿಲ್ಯಾ?" ಜಗಲಿಯಲ್ಲಿ ಎಲೆ ಅಡಿಕೆ ಮೆಲ್ಲುತ್ತಿದ್ದ ಅಜ್ಜಿ ಕೇಳಿದಳು. ಅವಳು ಅಪ್ಪನ ತಾಯಿ.

ನಾನು ಗಡಿಬಿಡಿಯಲ್ಲಿ ಮುಳ್ಳುಗಿಡದ ಒಂದು ಮೊಗ್ಗನ್ನೂ ಸೇವಂತಿಗೆಯ ಒಂದು ಮೊಗ್ಗನ್ನೂ ಕಿತ್ತು ಬಿಡಿಸಿ ತೋರಿಸಿದೆ. ಎರಡರ ಒಳಗೂ ಎಳೆಎಳೆಯಾಗಿ ಪುಟ್ಟ ಹೂಗಳು ಒತ್ತೊತ್ತಾಗಿ ಕೂತಿದ್ದವು.

"ಅಮ್ಮಾ, ಕಾಣ್. ಇದ್ ಸೇವಂತಿಗೆ ಜಾತಿದೇ."

"ಮುಳ್ಳಿಪ್ಪು ಸೇವಂತಿಗೆ ನಾ ಎಲ್ಲೂ ಕಾಣ್ಲಿಲ್ಲ." ಹಾಗೆಂದರೂ ಕತ್ತಿ ಕೆಳಗಿಳಿಯಿತು. "ಸಂಕಷ್ಟಿ ತನ್ಕ ಕಾಂತೆ. ಹೂಂಗ್ ಆಯ್ಲಿಲ್ಲ ಅಂದ್ರೆ ಒಲಿಗೆ."

ಅಂದಿನಿಂದ ಎದ್ದ ಕೂಡಲೇ ಕುಂಭಾಶಿ ದೇವಸ್ಥಾನದ ದಿಕ್ಕಿಗೆ ಕೈಮುಗಿದು, ಆಮೇಲೇ ಗಿಡ ನೋಡುತ್ತಿದ್ದೆ. ಗಣಪತಿ ಕೈಬಿಡಲಿಲ್ಲ. ಸಂಕಷ್ಟಿಗೆ ಮೊದಲೇ ಮುಳ್ಳಿನ ಬುಟ್ಟಿಯೊಳಗಿಂದ ಕಿತ್ತಳೆ ಬಣ್ಣದ ಎಳೆಗಳು ಕುಚ್ಚಿನಂತೆ ಹೊರಬಂದವು. ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿ ನನ್ನನ್ನು ಕರೆದಳು. "ಹೆಣೆ, ಇದ್ ಕೇಸರಿ ಅಲ್ದಾ!"

ಕಡಲ ಬದಿಯ ನಾವು ಕೇಸರಿಯನ್ನು ಗಿಡದಲ್ಲಿ ಎಲ್ಲಿ ಕಂಡಿದ್ದೆವು? ಪ್ರಸಾದದಲ್ಲಿ ಒಂದೆರಡು ಎಳೆ, ಅಷ್ಟೇ. ಅಜ್ಜಿ ಎಳೆಗಳನ್ನು ಹಿತ್ತಾಳೆ ತಟ್ಟೆಯಲ್ಲಿ ಒಣಗಿಸಿ, ಸಂಕಷ್ಟಿಯಂದು ಪಾಯಸಕ್ಕೆ ಹಾಕಿ, ದೇವರಿಗಿಟ್ಟು, ಕೇರಿಗೆಲ್ಲ ಹಂಚಿದಳು. ಬಣ್ಣ ಚಿನ್ನದ ಹಾಗೆ. ಘಮ ಮಾತ್ರ ಇಲ್ಲ.

"ನಿಮ್ಗೆಲ್ಲ ಶೀತ ಆಯಿತ್ತ್, ಅದ್ಕೇ ಬತ್ತಿಲ್ಲ," ಎಂದಳು ಅಜ್ಜಿ.

ಮುಂದಿನ ಸಲ ಬಂದ ಲಾರಿಯವನು ಗಿಡ ಕಂಡು ನಕ್ಕ. "ಇದು ಕುಸುಬಿ ಅಲ್ಲೇನ್ರಿ ಅವ್ವಾರ? ನಾವು ಎಣ್ಣಿ ತೆಗೀತೀವಿ. ಹೊಲದ ಸುತ್ತ ಹಾಕಿದ್ರ ದನ ಬಾಯಿ ಹಾಕಂಗಿಲ್ಲ."

ಅಮ್ಮ ತಿರುಗಿ ಸಾಲು ನೋಡಿದಳು. ಪ್ರತಿ ವರ್ಷ ಪಕ್ಕದ ಮನೆಯ ಕರು ಮೊಗ್ಗಿನಲ್ಲೇ ಮೇಯುತ್ತಿದ್ದ ಸೇವಂತಿಗೆ ಆ ಸಲ ತುಂಬಿ ಅರಳಿತ್ತು.

"ದನ ಗಂಟಿ ಬಪ್ಪುದಿಲ್ಲ ಅಂದ್ರೆ ಇರ್ಲಿ. ಬಪ್ಪು ವರ್ಷ ಸುತ್ತ ಹಾಕ್ ಮಗಾ," ಎಂದವಳು ಅಜ್ಜಿಯತ್ತ ತಿರುಗಿದಳು. "ಅತ್ತೆ, ದೇವ್ರಿಗೆ ಕೇಸರಿ ಅಂದೇಳಿ ಕುಸುಬಿ ತಿನ್ಸಿದ್ರಿ."

"ಗರ್ಕಿ ಕೊಟ್ರೂ ತಕಂಬು ದೇವ್ರ್ ಅವ. ನಿನ್ನಾಂಗೆ ಘಮ ಕೇಂತಿಲ್ಲ."

ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಲಾರಿಯವನೂ ನಕ್ಕ. ನನ್ನ ಗಿಡ ಉಳಿಯಿತು.

ಈಗ ಬ್ರಹ್ಮಾವರದ ನಮ್ಮ ಮನೆಯ ದಾರಿಯಲ್ಲಿ ಏನಾದರೂ ಮೊಳೆತರೆ ಮಗಳು ಮೊಬೈಲು ಹಿಡಿಯುತ್ತಾಳೆ. ಎರಡು ಎಲೆ ಬರುವುದರೊಳಗೆ ಅದರ ಕುಲಗೋತ್ರ ತಿಳಿಯುತ್ತದೆ. ಅದೂ ದೇವರು ಕೊಟ್ಟ ಅನುಕೂಲವೇ, ಬೇಡವೆನ್ನುವುದಿಲ್ಲ. ಆದರೆ ಯಾರೆಂದು ಗೊತ್ತಿಲ್ಲದ ಗಿಡಕ್ಕೆ ಹೂ ಬಿಡುವ ತನಕ ನೀರು ಹಾಕಿ ಕಾಯುವ ಸುಖ ಅವಳಿಗೆ ಸಿಗಲಿಲ್ಲ. ತಪ್ಪು ಹೆಸರಿಟ್ಟು ಕೇರಿಗೆಲ್ಲ ಪಾಯಸ ಹಂಚುವ ಅಜ್ಜಿಯೂ ಅವಳ ಪಾಲಿಗಿಲ್ಲ. ನನಗೆ ಎರಡೂ ಸಿಕ್ಕಿದ್ದವು.

ವಾಷಿಂಗ್ ಮಿಷನ್ನಿನಲ್ಲಿ ಬಟ್ಟೆ ಒಗೆದು ಮುಗಿದ ಸದ್ದಾಯಿತು. ಬಿಸಿಲು ಇಳಿಯುವ ಮುಂಚೆ ಹರವಬೇಕು.