ನಡುಗಡ್ಡೆಯಲ್ಲಿ ಸಿಗದ ಮನೆ

ಭಾಲ್ಕಿ ಕಡೆಯ ಆ ಊರನ್ನು ಜಲಾಶಯದ ಹಿನ್ನೀರು ಸುತ್ತುವರಿದು ನಡುಗಡ್ಡೆ ಮಾಡಿದ ಮೇಲೂ ಕೆಲವು ಮನೆಯವರು ಅಲ್ಲೇ ಉಳಿದಿದ್ದರು. ದೋಣಿಯಲ್ಲಿ ಹೋಗಿ ಅವರ ಹೆರಿಗೆ ಮಾಡಿಸುತ್ತಿದ್ದವಳು ನರ್ಸ್ ನವೊಮಿ. ಈಗ ಅಲ್ಲಿ ಯಾರೂ ಇಲ್ಲ. ಈ ಬೇಸಿಗೆಯಲ್ಲಿ ನೀರು ಇಳಿದಾಗ, ನಿವೃತ್ತಳಾದ ಆಕೆ ಸೌಂದರ್ಯಾಳನ್ನು ಕರೆದುಕೊಂಡು ಬಿರುಕುಬಿಟ್ಟ ಕೆಸರಿನ ಮೇಲೆ ನಡೆದೇ ಅಲ್ಲಿಗೆ ಹೋದಳು. ಸೌಂದರ್ಯಾ ಹುಟ್ಟಿದ್ದು ಅಲ್ಲಿ. ಅವಳನ್ನು ಹೆತ್ತು ತಾಯಿ ತೀರಿಕೊಂಡದ್ದೂ ಅಲ್ಲೇ.

ಇಲ್ಲಿ ಕುಂಬಾರರು, ಅಲ್ಲಿ ನಮ್ಮ ಚರ್ಚಿನವರು ಎಂದು ನವೊಮಿ ತೋರಿಸುತ್ತ ನಡೆದಳು. ಊರಬಾವಿಯೂ ಸಿಕ್ಕಿತು. ಸೌಂದರ್ಯಾಳ ಮನೆ ಮಾತ್ರ ಸಿಗಲಿಲ್ಲ. ಗೋಡೆಯ ಕಲ್ಲುಗಳನ್ನು ಜನ ಹೊಸ ಊರಿಗೆ ಹೊತ್ತೊಯ್ದಿದ್ದರು.

"ಇದೇ ನಿಮ್ಮ ಮನಿ ಅಂತ ಸುಳ್ಳ ಹ್ಯಾಂಗ ಹೇಳ್ಲಿ ಯವ್ವಾ? ಗುರ್ತ ಸಿಗವಲ್ದು," ಎಂದಳು ನವೊಮಿ.

"ಮನಿ ಇರ್ಲಿ ಬಿಡ್ರಿ ಸಿಸ್ಟರ್. ಅವ್ವ ನನ್ನ ಮಾರಿ ನೋಡಿದ್ಳೇನ್ರಿ?"

ನವೊಮಿಗೆ ಆ ಹೊತ್ತು ನಿಚ್ಚಳವಾಗಿ ನೆನಪಿತ್ತು. "ನೋಡಿದ್ಳವ್ವಾ. ನಿನ್ನ ಆಕಿ ಎದಿ ಮ್ಯಾಲ ಇಟ್ಟಿದ್ದೆ. ಮೂಗ ಮುಟ್ಟಿ, 'ನಮ್ಮವ್ವಂದೇ ಮೂಗ' ಅಂದ್ಳು."

ಸೌಂದರ್ಯಾ ಅಲ್ಲೇ ಮಣ್ಣಿನ ಮೇಲೆ ಕೂತು ಅತ್ತಳು. ನವೊಮಿ ಪಕ್ಕದಲ್ಲಿ ಕೂತಳು. ಬಿಸಿಲು ಏರುವವರೆಗೂ ಅವಳ ಬೆನ್ನ ಮೇಲಿನ ಕೈ ತೆಗೆಯಲಿಲ್ಲ.